ದಿನಾ ಉಡೂ ಹಾಡು

ಐವತ್ತರ ದಶಕದಲ್ಲಿ ಗಜೇಂದ್ರಗಡಕ್ಕೆ ಬಂದ ಗ್ರಾಮಫೋನ್ ರೆಕಾರ್ಡುಗಳಿಗೆಲ್ಲ ದರ್ಜೆ ಕೊಡುತ್ತಿದ್ದವರು ನಮ್ಮ ಪಕ್ಕದ ಸೀರೆ ಅಂಗಡಿಯ ಸಾವುಕಾರರು. ಮುಳ್ಳನ್ನು ಹಾಡಿನ ಮೊದಲಿಗೆ ಇಡುತ್ತಿರಲಿಲ್ಲ, ನಡುವಿಗೇ ಇಡುತ್ತಿದ್ದರು. "ಸೆರಗ ಎಲ್ಲಾರೂ ಚಲೋ ನೇಯ್ತಾರ, ನಡುವಿನ ಒಡಲ ನೋಡ್ರಿ" ಎನ್ನುವರು. ಕೇಳಿದ ಮೇಲೆ ಮದುವೆ ಸೀರೆ, ಹಬ್ಬದ ಸೀರೆ, ದಿನಾ ಉಡುವ ಸೀರೆ, ಇವುಗಳಲ್ಲಿ ಒಂದನ್ನು ಹೇಳುವರು. ಅಲ್ಲಿಗೆ ವಾದ ಮುಗಿಯುತ್ತಿತ್ತು.

ಒಮ್ಮೆ ಅವರ ಅಳಿಯ ತಾನೇ ಹಾಡಿದ ಮೊದಲ ರೆಕಾರ್ಡು ತಂದ. ಅಂಗಡಿ ತುಂಬಿತು. ಸಾವುಕಾರರು ಎಂದಿನಂತೆ ನಡುವಿನಿಂದ ಕೇಳಿದರು.

"ದಿನಾ ಉಡೂದು."

ಅಳಿಯನ ಮುಖ ಸಪ್ಪಗಾಯಿತು. "ಮದುವಿ ಸೀರಿ ಅಂತೀರಿ ಅನಕೊಂಡಿದ್ನಿ, ಮಾವಾರ."

"ಮದುವಿ ಸೀರಿ ಟ್ರಂಕಿನ್ಯಾಗ ಇರತೈತ್ರಿ. ದಿನಾ ಉಡೂದು ಮೈಮ್ಯಾಲ ಇರತೈತಿ."

ಹಾಗೆಂದವರು ಮುಳ್ಳನ್ನೆತ್ತಿ, ನಾನು ಕಂಡಂತೆ ಅದೊಂದೇ ಸಲ, ಹಾಡಿನ ಮೊದಲಿಗೆ ಇಟ್ಟರು.