ವಿಶಾಖಾ ಹೆಸರಿಗೇ ವೀಸಾ

ರಾಯಚೂರಿನ ಬಾಡಿಗೆ ಮನೆಯ ಮಹಡಿಯಲ್ಲಿ ಕೂತು ವಿಶಾಖಾ ಮಾಡುತ್ತಿದ್ದ ಕೆಲಸ ಓಣಿಯ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಐರ್ಲೆಂಡಿನ ಒಂದು ಕಾಲೇಜಿನಲ್ಲಿ ಮೇಷ್ಟರು ಪಾಠ ಹೇಳುತ್ತಿದ್ದರೆ ಇಲ್ಲಿ ಈಕೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅದನ್ನು ಅವರ ಮಾತಿನ ವೇಗದಲ್ಲೇ ಟೈಪ್ ಮಾಡುತ್ತಿದ್ದಳು. ಆ ಅಕ್ಷರಗಳು ಅಲ್ಲಿ ತರಗತಿಯ ಪರದೆಯ ಮೇಲೆ ಮೂಡುತ್ತಿದ್ದವು. ಕಿವಿ ಕೇಳದ ವಿದ್ಯಾರ್ಥಿಗಳು ಅದನ್ನೇ ಓದಿ ಪಾಠ ಕಲಿಯುತ್ತಿದ್ದರು. ಮಾನ್ವಿಯ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಪಳಗಿದ ಬೆರಳು ಅವಳದು. ಐರಿಷ್ ಮೇಷ್ಟರ ಉಚ್ಚಾರಣೆ ಹಿಡಿಯಲು ಮಾತ್ರ ಒಂದು ಮಳೆಗಾಲವಿಡೀ ಆ ದೇಶದ ರೇಡಿಯೊ ಕೇಳಿದ್ದಳು.

ಆ ವರ್ಷ ಅವಳ ಪಾಲಿಗೆ ಬಂದದ್ದು ಕಡಲ ಜೀವಿಗಳ ಪಾಠ. ಹವಳದ ದಿಬ್ಬ, ಉಬ್ಬರ ಇಳಿತ, ಬಂಡೆಗೆ ಅಂಟಿಕೊಂಡು ಬದುಕುವ ಚಿಪ್ಪಿನ ಜೀವಗಳು, ಎಲ್ಲವೂ ಅವಳ ಬೆರಳ ತುದಿಯಿಂದ ಹಾದುಹೋದವು. ಒಂದು ಸಂಜೆ ಲ್ಯಾಪ್‌ಟಾಪ್ ಮುಚ್ಚುವಾಗ ಅವಳಿಗೆ ಥಟ್ಟನೆ ಅನ್ನಿಸಿತು: ತಾನು ಹುಟ್ಟಿದಾಗಿನಿಂದ ಒಮ್ಮೆಯೂ ಸಮುದ್ರ ಕಂಡಿಲ್ಲ. ಕಲ್ಲೂರು, ದೇವದುರ್ಗ, ಮಾನ್ವಿ, ರಾಯಚೂರು, ಇಷ್ಟೇ ಅವಳ ಮೂವತ್ತೊಂದು ವರ್ಷದ ತಿರುಗಾಟ. ಅವಳ ಜೊತೆ ಅದೇ ಕೆಲಸ ಮಾಡುತ್ತಿದ್ದ ಪೋಲೆಂಡಿನ ಹೆಣ್ಣುಮಗಳು ಕ್ರೊಯೇಷಿಯಾದ ಕಡಲ ದಂಡೆಯ ಊರಲ್ಲಿ ಕೂತು ಟೈಪ್ ಮಾಡುತ್ತಿದ್ದಳು. ತಾನೂ ಹಾಗೆ ಹೋಗಬಹುದೇ ಎಂದು ವಿಶಾಖಾ ತನಗೆ ಈ ಕೆಲಸ ಕೊಟ್ಟಿದ್ದ ಕಂಪನಿಗೆ ಬರೆದು ಕೇಳಿದಳು. ಯಾವ ದೇಶವಾದರೂ ಸರಿ, ಕಾನೂನಿನ ಪ್ರಕಾರ ವೀಸಾ ಇರಬೇಕು, ಇಂಟರ್‌ನೆಟ್ ಕೈ ಕೊಡಬಾರದು ಎಂದು ಉತ್ತರ ಬಂತು.

ಅಂದಿನಿಂದ ವಿಶಾಖಾ ದೇಶಗಳನ್ನು ಅಳೆದು ತೂಗತೊಡಗಿದಳು. ದೂರದಿಂದ ಕೆಲಸ ಮಾಡುವವರಿಗೆಂದೇ ಇಷ್ಟೊಂದು ದೇಶಗಳು ಬಾಗಿಲು ತೆರೆದಿವೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ. ದುಬೈನಲ್ಲಿ ಸಂಬಳಕ್ಕೆ ತೆರಿಗೆಯೇ ಇಲ್ಲ, ಆದರೆ ಅವರು ಕೇಳುವಷ್ಟು ಆದಾಯ ಇವಳಿಗಿಲ್ಲ. ಪೋರ್ಚುಗಲ್ಲಿನ ಹೆಸರುವಾಸಿ ತೆರಿಗೆ ರಿಯಾಯಿತಿ ಹೊಸಬರಿಗೆ ಮುಚ್ಚಿಹೋಗಿತ್ತು. ಕ್ರೊಯೇಷಿಯಾ ಮಾತ್ರ, ಹೊರಗಿನ ಕಂಪನಿಯಿಂದ ಬರುವ ಸಂಪಾದನೆಗೆ ಈ ವೀಸಾದವರಿಂದ ತೆರಿಗೆ ಕೇಳುತ್ತಿರಲಿಲ್ಲ. ಅದೇ ಸರಿ ಎಂದುಕೊಂಡು ಅವಳು ತೀನ್ ಕಂದೀಲ್ ವೃತ್ತದ ಹತ್ತಿರ ತೆರಿಗೆ ಲೆಕ್ಕ ನೋಡುವ ಖುರ್ಷೀದ್ ಬೇಗಂ ಅವರ ಬಳಿ ಹೋದಳು.

ಖುರ್ಷೀದ್ ಬೇಗಂ ಕನ್ನಡಕ ಏರಿಸಿ ಎಲ್ಲವನ್ನೂ ಕೇಳಿಸಿಕೊಂಡರು.

"ಅಲ್ಲಿ ತೆರಿಗಿ ಇಲ್ಲಂದ್ರ ಎಲ್ಲೂ ಇಲ್ಲಂತ ತಿಳ್ಕೊಬ್ಯಾಡಮ್ಮ. ನೀ ಯಾವಾಗ ಹೋಗಾಕಿ?"

"ದೀಪಾವಳಿ ಆದ ಮ್ಯಾಲ್ರಿ."

"ನಮ್ಮ ತೆರಿಗಿ ವರ್ಷ ಏಪ್ರಿಲ್‌ಗೆ ಶುರು ಆಗ್ತದ. ದೀಪಾವಳಿ ತನಕ ಇಲ್ಲೇ ಇದ್ರ ಅರ್ಧ ವರ್ಷ ದಾಟಿಹೋತು. ಆ ವರ್ಷದ್ದು ಪೂರಾ ಇಲ್ಲೇ ಕಟ್ಟಬೇಕು. ಆ ದೇಶ ಬಿಟ್ಟುಕೊಟ್ಟಿದ್ದು ನಿನಗೇನು ಉಪಯೋಗ ಬಂತು?"

"ಉಪಯೋಗ ಬರದಿದ್ರೂ ಹೋಗ್ತೀನ್ರಿ. ನನಗ ಸಮುದ್ರ ನೋಡಬೇಕಾಗ್ಯದ."

ಖುರ್ಷೀದ್ ಬೇಗಂ ನಕ್ಕರು. "ಹಾಂಗಾದ್ರ ಹೋಗು. ಆದ್ರ ತಿಳ್ಕೊಂಡು ಹೋಗು."

ಬಸ್ ನಿಲ್ದಾಣದ ಎದುರು ವೀಸಾ ಏಜೆಂಟನಾಗಿದ್ದ ಅಂಬರೇಶನ ಮೂಲಕ ವಿಶಾಖಾ ಅರ್ಜಿ ಹಾಕಿದಳು. ವಾರಗಳು ಕಳೆದ ಮೇಲೆ ದೆಹಲಿಯ ಕ್ರೊಯೇಷಿಯಾ ರಾಯಭಾರ ಕಚೇರಿಯಿಂದ ಪ್ರಶ್ನೆ ಬಂತು. ಪಾಸ್‌ಪೋರ್ಟಿನಲ್ಲಿ ಇರುವವಳು ಮೌನೇಶ್ವರಿ. ಕಂಪನಿಯ ಪತ್ರದಲ್ಲಿ ಇರುವವಳು ವಿಶಾಖಾ. ಇಬ್ಬರೂ ಒಬ್ಬರೇ ಎನ್ನುವುದಕ್ಕೆ ಆಧಾರವೇನು?

ಇಬ್ಬರೂ ಒಬ್ಬಳೇ. ಅಜ್ಜಿ ಇಟ್ಟ ಹೆಸರು ಮೌನೇಶ್ವರಿ. ಮನೆಮಂದಿಯೆಲ್ಲ ಬೌದ್ಧ ದೀಕ್ಷೆ ತೆಗೆದುಕೊಂಡಾಗ ಅವಳಿಗೆ ಹದಿಮೂರು. ಹೊಸ ಹೆಸರು ಬೇಕಾದವರು ಇಟ್ಟುಕೊಳ್ಳಬಹುದು ಎಂದಾಗ ಅಪ್ಪ ಉರುಕುಂದಪ್ಪ, ನೌಕರಿ ಕಾಗದದಲ್ಲಿ ಇರುವುದೇ ಇರಲಿ ಎಂದ. ಅವ್ವ ಬಸ್ಸಮ್ಮ ನಾಚಿಕೊಂಡಳು. ಮಗಳು ಮಾತ್ರ ಎದ್ದು ನಿಂತು, ಬುದ್ಧನ ಶಿಷ್ಯೆಯೆಂದು ಪುಸ್ತಕದಲ್ಲಿ ಓದಿದ್ದ ವಿಶಾಖಾ ಎನ್ನುವ ಹೆಸರನ್ನು ಜೋರಾಗಿ ಹೇಳಿದ್ದಳು. ದೇವದುರ್ಗದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಶಾಲೆಯಲ್ಲಿ ಮಾತ್ರ ರಿಜಿಸ್ಟರ್ ತಿದ್ದಲು ಯಾರೂ ಒಪ್ಪಲಿಲ್ಲ. ಅಂದಿನಿಂದ ಕಾಗದಕ್ಕೆ ಒಬ್ಬಳು, ಕರೆಯುವವರಿಗೆ ಇನ್ನೊಬ್ಬಳು. ಕೆಲಸಕ್ಕೆ ಸೇರುವಾಗ ಏನೆಂದು ಕರೆಯಲಿ ಎಂದು ಕಂಪನಿ ಕೇಳಿದ್ದಕ್ಕೆ ಅವಳು ತಡಮಾಡದೆ ವಿಶಾಖಾ ಎಂದಿದ್ದಳು.

ಅಂಬರೇಶನಿಗೆ ಇದು ದೊಡ್ಡ ವಿಷಯವಾಗಿ ಕಾಣಲಿಲ್ಲ. "ಮೇಡಂ, ಖಾಲಿಪೀಲಿ ಯಾಕ ತಲಿ ಕೆಡಿಸ್ಕೊಂತೀರಿ? ಪತ್ರದಾಗ ಮೌನೇಶ್ವರಿ ಅಂತ ಹಾಕಿಸಿ ತರ್ರಿ. ಎರಡು ದಿನದ ಕೆಲಸ. ಮುಂದಿನ ತಿಂಗಳು ನೀವು ವಿಮಾನದಾಗ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕಂಪನಿಯವರೂ ಒಪ್ಪುತ್ತಿದ್ದರು. ವಿಶಾಖಾ ಮನೆಗೆ ಬಂದು ಪತ್ರ ಬರೆಯಲು ಕೂತಳು. ನನ್ನ ನಿಜವಾದ ಹೆಸರು ಮೌನೇಶ್ವರಿ ಎಂದು ಟೈಪ್ ಮಾಡಿದಳು. ನಿಮಿಷಕ್ಕೆ ನೂರಾರು ಅಕ್ಷರ ಹೊಡೆಯುವ ಬೆರಳು ಅಲ್ಲೇ ನಿಂತಿತು. ಆ ಸಾಲನ್ನು ಅಳಿಸಿ ಮರುದಿನ ಬೆಳಿಗ್ಗೆ ಅಪ್ಪ ಅವ್ವ ಇದ್ದ ಕಲ್ಲೂರಿನ ಬಸ್ಸು ಹತ್ತಿದಳು.

ಅಂಗನವಾಡಿಯ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದ ಬಸ್ಸಮ್ಮ, ಪಾಸ್‌ಪೋರ್ಟಿನಲ್ಲೇ ಹೆಸರು ಬದಲಿಸುತ್ತೇನೆ ಎಂದ ಮಗಳ ಮಾತು ಕೇಳಿ ಮುಖ ಸಣ್ಣದು ಮಾಡಿಕೊಂಡಳು.

"ನಿಮ್ಮಜ್ಜಿ ಇಟ್ಟ ಹೆಸರು ಬೇ ಅದು. ನಿನ್ನ ತೊಟ್ಟಿಲದಾಗ ಹಾಕಿ ಓಣಿಗೆಲ್ಲ ಕೇಳೂವಂಗ ಕೂಗಿ ಇಟ್ಟಿದ್ಲು. ಅದನ್ನ ಪೇಪರಿನಾಗ ಹಾಕಿಸಿ ಅಳಸ್ತೀಯೇನು?"

"ಅಜ್ಜಿ ಇಟ್ಟಿದ್ದನ್ನ ಅಳಸಾಕತ್ತಿಲ್ಲವ್ವ. ನಾ ಇಟ್ಕೊಂಡಿದ್ದಕ್ಕ ಕಾಗದ ಮಾಡಸಾಕತ್ತೀನಿ. ನೀ ಮನ್ಯಾಗ ಮೌನಾ ಅಂತನ ಕರಿ, ನಾ ಓ ಅಂತೀನಿ."

"ವೀಸಾ ತಡ ಆದ್ರ?"

"ಆಗಲಿ."

ಕಟ್ಟೆಯ ಮೇಲೆ ಕೂತಿದ್ದ ಉರುಕುಂದಪ್ಪ ಎದ್ದು ಒಳಗೆ ಹೋಗಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. "ನಡಿ, ಮಾನ್ವಿಗೆ ಹೋಗಿ ಅಫಿಡವಿಟ್ ಮಾಡಸೂಣು. ಆವತ್ತ ಶಾಲಿಗೆ ಬಂದು ಜಗಳಾ ಮಾಡಬೇಕಾಗಿತ್ತು ನಾನು. ನೌಕರಿ ಹೊಸದು, ಅಂಜಿದೆ."

"ಇವತ್ತು ಬಂದ್ಯಲ್ಲ ಯಪ್ಪಾ, ಸಾಕು," ಎಂದಳು ವಿಶಾಖಾ.

ಮಾನ್ವಿಯಲ್ಲಿ ಅಫಿಡವಿಟ್ ಆಯಿತು, ಪತ್ರಿಕೆಯಲ್ಲಿ ಜಾಹೀರಾತು ಬಂತು. ದೇವದುರ್ಗದ ಶಾಲೆಯಲ್ಲಿ ಗುಮಾಸ್ತರು ಹಳೆಯ ರಿಜಿಸ್ಟರ್ ತೆಗೆದು ತೋರಿಸಿ, ಇದನ್ನು ತಿದ್ದಬೇಕಾದರೆ ಕೋರ್ಟಿನ ಆದೇಶವೇ ಬೇಕು ಎಂದರು. ಸದ್ಯಕ್ಕೆ ಅದು ಹಾಗೇ ಇರಲಿ, ತಿರುಗಿ ಬಂದ ಮೇಲೆ ಕೋರ್ಟಿಗೆ ಹೋಗುತ್ತೇನೆ ಎಂದು ಅವಳು ಅವರಿಗೆ ಹೇಳಿಯೇ ಬಂದಳು. ಗೆಜೆಟ್ಟಿನಲ್ಲಿ ಹೆಸರು ಬಂದ ಮೇಲೆ ಆಧಾರ್, ಪ್ಯಾನ್, ಬ್ಯಾಂಕು, ಕೊನೆಗೆ ಪಾಸ್‌ಪೋರ್ಟು. ಒಂದೊಂದಕ್ಕೂ ಅಲೆದಾಟ, ಒಂದೊಂದು ಕೌಂಟರಿನಲ್ಲೂ ಅದೇ ಪ್ರಶ್ನೆ: ಮದುವೆಯಾಯಿತೇನ್ರಿ, ಹೆಸರು ಯಾಕೆ ಬದಲು? ಇಲ್ಲ, ನಾನೇ ಇಟ್ಟುಕೊಂಡದ್ದು ಎಂದು ಅವಳು ಪ್ರತಿ ಸಲವೂ ದನಿ ಏರಿಸದೆ ಹೇಳಿದಳು. ಮಧ್ಯಾಹ್ನ ಐರ್ಲೆಂಡಿನ ಪಾಠ ಶುರುವಾಗುವ ಹೊತ್ತಿಗೆ ಮಾತ್ರ ಎಲ್ಲಿದ್ದರೂ ಮಹಡಿಯ ಕೋಣೆಗೆ ಬಂದು ಸೇರುತ್ತಿದ್ದಳು.

ಇಷ್ಟರಲ್ಲಿ ದೀಪಾವಳಿ ಹೋಯಿತು, ಸಂಕ್ರಾಂತಿಯೂ ಹೋಯಿತು. ಕ್ರೊಯೇಷಿಯಾದ ಅರ್ಜಿ ಬಿದ್ದುಹೋಗಿತ್ತು. ಅಲ್ಲಿ ಗೊತ್ತುಮಾಡಿಕೊಂಡಿದ್ದ ಬಾಡಿಗೆ ಮನೆಯೂ ಬೇರೆಯವರ ಪಾಲಾಗಿತ್ತು. ಅದು ತಿಳಿದ ದಿನ ಅವಳು ಊಟ ಮಾಡಲಿಲ್ಲ. ಮರುದಿನ ಎದ್ದು ಮತ್ತೆ ಮೊದಲಿನಿಂದ ಹುಡುಕಿದಳು. ಈ ಸಲ ಕಣ್ಣಿಗೆ ಬಿದ್ದದ್ದು ಮಾರಿಷಸ್. ಅಲ್ಲಿನ ವೀಸಾಕ್ಕೆ ಅವಳ ಆದಾಯ ಸಾಕಾಗುತ್ತಿತ್ತು, ಸುತ್ತಲೂ ಹವಳದ ಕಡಲೂ ಇತ್ತು. ತೆರಿಗೆಯ ಮಾತಿಗೆ ಮತ್ತೆ ಖುರ್ಷೀದ್ ಬೇಗಂ ಬಳಿ ಹೋದಳು.

"ಅಲ್ಲಿ ಅರ್ಧ ವರ್ಷಕ್ಕಿಂತ ಹೆಚ್ಚು ಇದ್ರ ಆ ದೇಶದೊಳಗ ತಂದ ಸಂಪಾದನೆಗೆ ತೆರಿಗಿ ಕೊಡಬೇಕಾಗ್ತದ," ಎಂದರು ಅವರು ನಿಯಮ ಓದಿ. "ಕ್ರೊಯೇಷಿಯಾದಂಗ ಪೂರಾ ಮಾಫಿ ಇಲ್ಲ."

"ಕೊಡ್ತೀನ್ರಿ. ಅವರ ರಸ್ತಾದಾಗ ಓಡಾಡ್ತೀನಲ್ಲ."

"ಏಪ್ರಿಲ್ ಶುರುವಿಗೇ ಹೊಂಡು ಮತ್ತ. ಆಗ ನನಗೂ ಲೆಕ್ಕ ಸಲೀಸು."

ಈ ಸಲ ಅರ್ಜಿಯನ್ನು ಅವಳೇ ತುಂಬಿದಳು. ಹೆಸರಿನ ಬಗ್ಗೆ ಯಾರೂ ಏನೂ ಕೇಳಲಿಲ್ಲ. ವೀಸಾ ಬಂದಾಗ ಅದರ ಮೇಲಿನ ಹೆಸರನ್ನು ಉರುಕುಂದಪ್ಪ ಬೆರಳಿಟ್ಟು ಓದಿದ. ಬಸ್ಸಮ್ಮ ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟು, ಹಿಟ್ಟು ಒಯ್ಯಲು ಬಿಡುತ್ತಾರೋ ಇಲ್ಲವೋ ಎಂದು ಬಸ್ ನಿಲ್ದಾಣದ ದಾರಿಯುದ್ದಕ್ಕೂ ಗೊಣಗಿದಳು.

ಮಾರಿಷಸ್ಸಿನಲ್ಲಿ ಐರ್ಲೆಂಡಿನ ಬೆಳಗಿನ ಪಾಠ ಮಧ್ಯಾಹ್ನಕ್ಕೆ ಶುರುವಾಗುತ್ತಿತ್ತು. ಹಾಗಾಗಿ ಬೆಳಗೆಲ್ಲ ಅವಳದೇ. ಮೊದಲ ಬೆಳಿಗ್ಗೆ ನೀರು ಇಳಿದ ಹೊತ್ತಿಗೆ ರಬ್ಬರ್ ಚಪ್ಪಲಿ ಹಾಕಿಕೊಂಡು ಮೊಣಕಾಲುದ್ದದ ನೀರಿಗೆ ಇಳಿದಳು. ಅಲೆ ಬಂದು ತಳ್ಳಿದಾಗ ಹೆದರಿ ದಂಡೆಗೆ ಓಡಿದಳು, ಮತ್ತೆ ಇಳಿದಳು. ಬಂಡೆಗೆ ಅಂಟಿದ್ದ ಚಿಪ್ಪೊಂದನ್ನು ಕಂಡು ಅದರ ಲ್ಯಾಟಿನ್ ಹೆಸರನ್ನು ಬಾಯಿಬಿಟ್ಟು ಹೇಳಿದಳು. ಅಕ್ಕಪಕ್ಕ ಕೇಳುವವರು ಯಾರೂ ಇರಲಿಲ್ಲ.

ವಾರ ಕಳೆದ ಮೇಲೆ ಬಸ್ಸಮ್ಮ ಫೋನು ಮಾಡಿದಳು. "ಓಣ್ಯಾಗ ಎಲ್ಲಾರೂ ಕೇಳಾಕತ್ಯಾರ ಮೌನಾ, ಯಾವಾಗ ಬರ್ತಿ?"

"ವೀಸಾ ಒಂದು ವರ್ಷದ್ದವ್ವ. ಮುಗಿಯೂದರಾಗ ಮತ್ತ ಕೇಳ್ತೀನಿ. ಕೊಟ್ರ ಇರ್ತೀನಿ, ಕೊಡದಿದ್ರ ದೇವದುರ್ಗದ ಕೋರ್ಟಿನ ಕೆಲಸ ಮುಗಿಸಿ ಬ್ಯಾರೆ ದೇಶ ನೋಡ್ತೀನಿ."

"ನಿಂದು ನೀ ಬಿಡಾಕಿ ಅಲ್ಲ ಬಿಡು," ಎಂದು ಬಸ್ಸಮ್ಮ ನಕ್ಕಳು. "ನನ್ನ ಪಾಸ್‌ಪೋರ್ಟಿಗೆ ಏನೇನು ಕಾಗದ ಬೇಕು ಹೇಳು. ನನಗ ಮುಂದಿನ ಬ್ಯಾಸಿಗಿಗೆ ರಜಾ ಅದ."

ವಿಶಾಖಾ ಒಂದೊಂದಾಗಿ ಹೇಳತೊಡಗಿದಳು.