ಹೊಸ ಪಿಕಪ್ಪಿಗೆ ಕೇಳಿಸದ ದನಿ

ಅದೊಂದು ಭಾನುವಾರ. ಹೊಳೆನರಸೀಪುರದ ನಮ್ಮ ಮನೆಯಲ್ಲಿ ಎಲ್ಲವೂ ಎಂದಿನಂತೆ ಇದ್ದ ಕೊನೆಯ ದಿನ. ನಾನು ಪೇಪರ್ ಓದುತ್ತಿದ್ದೆ. ಅಣ್ಣ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡೇ ಉಪ್ಪಿಟ್ಟು ತಿನ್ನುತ್ತಿದ್ದ. ಎರಡು ತುತ್ತು ತಿಂದವನು ತಂತಿಗಳಿಗೆ ಬಾಯಿ ತಾಗುವಷ್ಟು ಬಗ್ಗಿ ಏನೋ ಉಸುರಿದ. ಮೂಲೆಯಲ್ಲಿದ್ದ ಆಂಪ್ ಎಂಬ ಸ್ಪೀಕರ್ ಪೆಟ್ಟಿಗೆಯಿಂದ ಅವನ ದನಿ ಗರಗರನೆ ಹೊರಟು ಅಡುಗೆಮನೆಯವರೆಗೂ ಹೋಯಿತು.

"ಉಪ್ಪಿಟ್ಟಿಗೆ ಉಪ್ಪೇ ಬಿದ್ದಿಲ್ವಲ್ಲವ್ವಾ!"

"ಬಿದ್ದೈತೆ ಬಾವ. ನಿಮ್ಮ ನಾಲ್ಗೆನೂ ಒಸಿ ರಿಪೇರಿಗೆ ಕೊಡಿ," ಎಂದು ನನ್ನ ಹೆಂಡತಿ ಒಳಗಿನಿಂದಲೇ ಕೂಗಿದಳು.

ಮುಂದಿನದನ್ನು ಬರೆಯುವ ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು. ವಿಚಿತ್ರ ಅನುಭವಗಳ ಮಾತು ಬಂದರೆ ಎದ್ದು ಹೋಗುತ್ತಿದ್ದವನು ನಾನು. ತಾಲ್ಲೂಕು ಕಚೇರಿಯ ಗುಮಾಸ್ತ. ಕಾಗದದಲ್ಲಿ ಇಲ್ಲದ್ದು ಲೋಕದಲ್ಲೂ ಇಲ್ಲ ಎನ್ನುವುದು ನನಗೆ ಕೆಲಸ ಕಲಿಸಿದ ಅಭ್ಯಾಸ. ಈಗಲೂ ನಿಮ್ಮನ್ನು ನಂಬಿಸುವುದಕ್ಕೆ ಬರೆಯುತ್ತಿಲ್ಲ. ನಡೆದದ್ದನ್ನು ಒಮ್ಮೆಯಾದರೂ ಸರಿಯಾಗಿ ಬರೆದಿಡೋಣ ಎನ್ನಿಸಿದೆ.

ಅಣ್ಣ ಮದುವೆಯಾಗಲಿಲ್ಲ. ಇಪ್ಪತ್ತು ವರ್ಷ ಆರ್ಕೆಸ್ಟ್ರಾದಲ್ಲಿ ಲೀಡ್ ಗಿಟಾರ್ ನುಡಿಸಿದ. ಅರಕಲಗೂಡು, ಚನ್ನರಾಯಪಟ್ಟಣ ಎಂದು ಮದುವೆ ಛತ್ರಗಳನ್ನೆಲ್ಲ ಸುತ್ತಿ ಬೆಳಗಿನ ಬಸ್ಸಿಗೆ ನಮ್ಮ ಮನೆಗೇ ಬರುತ್ತಿದ್ದ. ಆಮೇಲೆ ಗಂಟಲಿನ ಕ್ಯಾನ್ಸರಿಗೆ ಆಪರೇಷನ್ ಆಯಿತು. ದನಿ ಹೋಗಿ ಬರೀ ಉಸಿರು ಉಳಿಯಿತು. ಕಿವಿಯನ್ನು ಅವನ ಬಾಯಿಯ ಹತ್ತಿರ ತಂದರಷ್ಟೇ ಮಾತು ತಿಳಿಯುತ್ತಿತ್ತು.

ಗಿಟಾರಿನ ತಂತಿಗಳ ಕೆಳಗೆ ಪಿಕಪ್ ಎಂಬ ಪಟ್ಟಿಗಳಿರುತ್ತವೆ. ಅಯಸ್ಕಾಂತಕ್ಕೆ ಕೂದಲಿನಂಥ ತಾಮ್ರದ ತಂತಿ ಸುತ್ತಿ ಮಾಡಿದ್ದು. ತಂತಿ ಮಿಡಿದದ್ದನ್ನು ಆಂಪಿಗೆ ಕಳಿಸುವುದು ಅವೇ. ಅಣ್ಣನ ಗಿಟಾರಿನಲ್ಲಿದ್ದವು ಹಳೆಯವು, ಅಗ್ಗದವು. ಸದಾ ಗುಂಯ್ ಎನ್ನುತ್ತಿದ್ದವು, ಜೋರು ಮಾಡಿದರೆ ಶಿಳ್ಳೆ ಹೊಡೆಯುತ್ತಿದ್ದವು. ಒಂದು ಜೊತೆ ಒಳ್ಳೆಯ ಪಿಕಪ್ ಹಾಕಿಸಬೇಕು, ಆಗ ನೋಡು ಟೋನ್ ಅಂದ್ರೆ ಏನು ಅಂತ, ಎಂದು ಅವನು ವರ್ಷಗಳಿಂದ ಹೇಳುತ್ತಲೇ ಇದ್ದ. ಆಪರೇಷನ್ ಆದ ಮೇಲೆ ಒಂದು ದಿನ ಗಿಟಾರಿನ ಮೇಲೆ ಬಗ್ಗಿ ಕೆಮ್ಮಿದಾಗ ಆ ಕೆಮ್ಮು ಆಂಪಿನಲ್ಲಿ ಬಂತು. ಅಂದಿನಿಂದ ಅದೇ ಅವನ ಬಾಯಿ. ಮೈಕ್ ತಂದುಕೊಡುತ್ತೇನೆ ಎಂದರೆ, "ನಾನೇನ್ ಎಲೆಕ್ಷನ್‌ಗೆ ನಿಂತಿದ್ದೀನೇನ್ಲಾ?" ಎಂದು ಗಿಟಾರಿನಲ್ಲೇ ಕೇಳಿದ.

ಆ ಭಾನುವಾರದ ಮರುದಿನ ಅವನನ್ನು ಹಾಸನದ ಆಸ್ಪತ್ರೆಗೆ ನಾಲ್ಕು ದಿನದ ತಪಾಸಣೆಗೆ ಸೇರಿಸಿದೆ. ಕಾಯಿಲೆ ಮತ್ತೆ ಬಂದಿದೆ, ಹೆಚ್ಚು ದಿನವಿಲ್ಲ ಎಂದು ಡಾಕ್ಟರು ನನಗೊಬ್ಬನಿಗೇ ಹೇಳಿದರು. ನಾನು ಅಣ್ಣನಿಗೆ ಹೇಳಲಿಲ್ಲ. ಹೇಳುವ ಬದಲು ಅವನ ಆಸೆಯೊಂದನ್ನು ತೀರಿಸೋಣ ಎನ್ನಿಸಿತು. ಅವನಿಗೆ ತಿಳಿಯದಂತೆ ಹೊಸ ಪಿಕಪ್ ಕೊಂಡು, ಗಿಟಾರನ್ನು ಹಾಸನದಲ್ಲಿ ಮೈಕ್‌ಸೆಟ್ ರಿಪೇರಿ ಮಾಡುವ ಮಂಜಣ್ಣನಿಗೆ ಒಪ್ಪಿಸಿದೆ.

ಮಂಜಣ್ಣ ಹಳೆಯದನ್ನು ಬಿಚ್ಚಿ ತೋರಿಸಿದ. "ಒಳ್ಗೆ ಸುರುಳಿ ಅಲ್ಲಾಡ್ತಾದೆ ನೋಡಿ ಸಾ. ಅದ್ಕೇ ಶಿಳ್ಳೆ ಒಡೆಯೋದು. ಒಸದ್ರಲ್ಲಿ ಮೇಣ ಉಯ್ದು ಗಟ್ಟಿ ಮಾಡವ್ರೆ. ತಂತಿ ಬುಟ್ರೆ ಬ್ಯಾರೆ ಏನೂ ಕೇಳ್ಸಾಕಿಲ್ಲ ಇದ್ಕೆ."

ಆ ಮಾತು ನನ್ನ ಕಿವಿಗೆ ಬಿತ್ತು. ತಲೆಗೆ ಹೋಗಲಿಲ್ಲ. ಬಹಳ ಒಳ್ಳೆಯದಾಯಿತು ಎಂದೆ. ಹಳೆಯವು ಬೇಕೇ ಎಂದು ಕೇಳಿದ. ಬೇಡ ಎಂದೆ.

ಮನೆಗೆ ಬಂದ ಅಣ್ಣ ಗಿಟಾರ್ ಎತ್ತಿಕೊಂಡ. ಗುಂಯ್ ಎನ್ನುವ ಸದ್ದು ಇರಲೇ ಇಲ್ಲ. ಒಂದೊಂದು ತಂತಿಯೂ ಬಿಡಿಬಿಡಿಯಾಗಿ, ತುಂಬಿಕೊಂಡು ಕೇಳಿತು. ಅವನು ಕಣ್ಣು ಮುಚ್ಚಿ ಬಹಳ ಹೊತ್ತು ನುಡಿಸಿದ. ಆಮೇಲೆ ಬಗ್ಗಿ ನನಗೇನೋ ಹೇಳಿದ. ಆಂಪ್ ಸುಮ್ಮನಿತ್ತು. ವಾಲ್ಯೂಮ್ ತಿರುಗಿಸಿ ಇನ್ನೊಮ್ಮೆ ಹೇಳಿದ. ಏನೂ ಬರಲಿಲ್ಲ. ಅವನ ಮಾತನ್ನು ಹಿಡಿಯುತ್ತಿದ್ದದ್ದು ಆ ಅಲ್ಲಾಡುವ ಹಳೆಯ ಸುರುಳಿಯೇ ಎಂದು, ನಾನು ಏನು ಮಾಡಿದೆನೆಂದು, ನನಗೆ ಆಗ ತಿಳಿಯಿತು. ಅವನಿಗೆ ನನಗಿಂತ ಮೊದಲೇ ತಿಳಿದಿತ್ತು. ನನ್ನ ಕತ್ತು ಹಿಡಿದು ಹತ್ತಿರ ಎಳೆದುಕೊಂಡು ಕಿವಿಯಲ್ಲಿ, "ಟೋನ್ ಚೆನ್ನಾಗೈತೆ ಕಣ್ಲಾ," ಎಂದ.

ಮರುದಿನವೇ ಮಂಜಣ್ಣನ ಅಂಗಡಿಗೆ ಓಡಿದೆ. "ಬ್ಯಾಡ ಅಂದ್ರಲ್ಲ ಸಾ? ಗುಜ್ರಿಯವ್ನು ಬಂದಿದ್ದ, ಕೊಟ್ಬುಟ್ಟೆ," ಎಂದು ಅವನೂ ಪೆಚ್ಚಾದ. ಒಂದು ಮೈಕ್ ಕೊಂಡು ಮನೆಗೆ ಬಂದೆ. ಅಣ್ಣ ಅದನ್ನು ಹಿಡಿದು ಭಾಷಣ ಮಾಡುವವನಂತೆ ಕೈ ಬೀಸಿ ನಮ್ಮಿಬ್ಬರನ್ನೂ ನಗಿಸಿದ. ನಂತರ ಕಿಟಕಿಯ ಮೇಲಿಟ್ಟವನು ಮತ್ತೆ ಮುಟ್ಟಲಿಲ್ಲ. ಇಪ್ಪತ್ತು ವರ್ಷ ಮೈಕ್ ಹಾಡುವವರದಾಗಿತ್ತು, ಗಿಟಾರ್ ಅವನದು. ಕಾರಣ ಅಷ್ಟೇ ಇರಬಹುದು. ಮನೆಯಲ್ಲಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಮಾತು ಹೋಗುವುದು ನಿಂತಿತು. ಉಪ್ಪಿಟ್ಟಿಗೆ ಉಪ್ಪು ಸಾಲದಿದ್ದರೂ ಸುಮ್ಮನೆ ತಿನ್ನುತ್ತಿದ್ದ. ದಿನ ಕಳೆದಂತೆ ಕಿವಿಗೆ ಹೇಳುವ ಆ ಉಸಿರೂ ಸಣ್ಣದಾಯಿತು.

ಮೂರು ವಾರದ ಮೇಲೆ ಒಂದು ಮಧ್ಯಾಹ್ನ. ಹೆಂಡತಿ ಹಳ್ಳಿಮೈಸೂರಿನ ಶಾಲೆಗೆ ಪಾಠ ಮಾಡಲು ಹೋಗಿದ್ದಳು. ನಾನು ರಜೆ ಹಾಕಿ ಮನೆಯಲ್ಲಿದ್ದೆ. ಅಣ್ಣನನ್ನು ಕುರ್ಚಿಯಲ್ಲಿ ಕೂರಿಸಿ, ಅವನು ಕೈ ತೋರಿಸಿದನೆಂದು ಗಿಟಾರ್ ಕೊಟ್ಟು, ಆಂಪ್ ಹಾಕಿ, ಹಿತ್ತಿಲಿಗೆ ಬಂದು ಬಟ್ಟೆ ಹರವುತ್ತಿದ್ದೆ. ಒಳ್ಳೆಯ ಬಿಸಿಲಿತ್ತು. ಒಳಗಿನಿಂದ ಅಣ್ಣ ಕೂಗಿದ.

"ಲೇ, ಬಾರ್ಲಾ ಇಲ್ಲಿ. ಒಂದ್ ಮಾತೈತೆ."

ಅದೇ ಗರಗರ. ಹಿಂದೆ ಆಂಪಿನಿಂದ ಬರುತ್ತಿದ್ದ ಅದೇ ದನಿ, ಅದೇ ಗುಂಯ್ ಸದ್ದಿನೊಂದಿಗೆ. ನಾನು ಬೆಚ್ಚಲಿಲ್ಲ. ಅದು ಅಷ್ಟು ಸಹಜವಾಗಿತ್ತು. ಅದು ಆಗದ ಮಾತು ಎಂಬುದು ಆ ಗಳಿಗೆಯಲ್ಲಿ ನೆನಪಿಗೇ ಬರಲಿಲ್ಲ. "ಬಂದೆ ಕಣಣ್ಣ, ಇದೊಂದೆರಡು ಬಟ್ಟೆ ಹಾಕ್ಬುಟ್ಟು ಬತ್ತೀನಿ," ಎಂದು ಅಲ್ಲಿಂದಲೇ ಕೂಗಿದೆ. ಒಂದು ಪಂಚೆ, ಒಂದು ಟವೆಲು ಹರವಿದೆ. ಪಂಚೆಯ ಅಂಚನ್ನು ಎಳೆದು ಸರಿಮಾಡಿದ್ದು ಕೂಡ ನೆನಪಿದೆ.

ಒಳಗೆ ಹೋದಾಗ ಅಣ್ಣ ಗಿಟಾರಿನ ಮೇಲೆ ಬಗ್ಗಿದ್ದ. ಹಣೆ ತಂತಿಗಳಿಗೆ ಒರಗಿತ್ತು. ಆಂಪಿನ ಕೆಂಪು ದೀಪ ಉರಿಯುತ್ತಿತ್ತು, ಸದ್ದಿರಲಿಲ್ಲ. ಅವನು ಹೋಗಿದ್ದ.

ಅಭ್ಯಾಸಬಲದಿಂದ ನನಗೆ ಹಾಗೆ ಕೇಳಿಸಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಆದರೆ ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಪಕ್ಕದ ಮನೆಯ ಜಯಮ್ಮ ಕಾಂಪೌಂಡಿನ ಆಚೆಯಿಂದ ಕೇಳಿದರು. "ಅವತ್ತು ಮದ್ಯಾನ ನಿಮ್ಮಣ್ಣ ಕೂಗ್ತಿದ್ರಲ್ಲಪ್ಪ? ಮೊದಲ್ನಂಗೆ ದನಿ ಬಂತಲ್ಲ, ಉಸಾರಾದ್ರು ಅನ್ಕಂಡೆ. ಅಷ್ಟೊತ್ಗೇ ಇಂಗಾಯ್ತು." ಪಿಕಪ್ ಬದಲಾಯಿಸಿದ ವಿಷಯ ಅವರಿಗೆ ಗೊತ್ತಿರಲಿಲ್ಲ.

ಗಿಟಾರನ್ನು ಮತ್ತೆ ಮಂಜಣ್ಣನ ಬಳಿಗೆ ಒಯ್ದು ನಡೆದದ್ದನ್ನು ಹೇಳಿದೆ. ಅವನು ಎಲ್ಲ ಬಿಚ್ಚಿ ನೋಡಿ, "ಮೇಣ ಒಂದ್ ಚೂರೂ ಬಿರ್ಕು ಬುಟ್ಟಿಲ್ಲ ಸಾ," ಎಂದ. ಆಂಪನ್ನು ಪೂರ್ತಿ ಜೋರು ಮಾಡಿ, ಮೊದಲು ಅವನು, ಆಮೇಲೆ ನಾನು, ತಂತಿಗಳಿಗೆ ಬಾಯಿ ತಾಗಿಸಿ ಮಾತಾಡಿದೆವು, ಕೂಗಿದೆವು, ಕೊನೆಗೆ ಅರಚಿದೆವು. ಎದುರಿನ ಅಂಗಡಿಯವನು ಹೊರಗೆ ಬಂದು ನಿಂತು, "ಏನ್ ಮಂಜಣ್ಣ, ಗಿಟಾರ್ ಕಿವುಡಾಗೈತಾ?" ಎಂದು ನಕ್ಕ. ಆಂಪಿನಲ್ಲಿ ನಮ್ಮ ದನಿಯ ಒಂದು ಅಕ್ಷರವೂ ಬರಲಿಲ್ಲ. ಮಂಜಣ್ಣ ಗಿಟಾರನ್ನು ಒರೆಸಿ ಕೈಗೆ ಕೊಡುತ್ತಾ, "ಆಗಾಕಿಲ್ಲ ಸಾ. ನೀವು ಕೇಳಿದ್ದು ಸುಳ್ಳು ಅಂತ ಯೋಳ್ತಿಲ್ಲ, ಆದ್ರೆ ಇದ್ರಲ್ಲಿ ಆಗಾಕಿಲ್ಲ," ಎಂದ.

ಅಷ್ಟೇ ನಡೆದದ್ದು. ಇದಕ್ಕೆ ವಿವರಣೆ ನನ್ನಲ್ಲಿಲ್ಲ, ಕೊಡಬಲ್ಲವರು ಸಿಕ್ಕಿಲ್ಲ. ದನಿ ಹೇಗೆ ಬಂತು ಎಂಬ ಯೋಚನೆ ಈಗ ಕಡಿಮೆಯಾಗಿದೆ. ಡಾಕ್ಟರು ಹೇಳಿದ್ದು ಅವನಿಗೆ ತಿಳಿದಿತ್ತೇ, ಪಿಕಪ್ಪಿನ ವಿಷಯ ಹೇಳಲು ಕರೆದನೇ, ಅಥವಾ ಬರೀ ನೀರು ಬೇಕಿತ್ತೇ ಎಂದು ಯೋಚಿಸುತ್ತೇನೆ. ಕೆಲವು ಮಧ್ಯಾಹ್ನ ಆಂಪ್ ಹಾಕಿ ಗಿಟಾರಿನ ಮುಂದೆ ಕೂರುತ್ತೇನೆ. ಟೋನ್ ನಿಜವಾಗಿಯೂ ಚೆನ್ನಾಗಿದೆ, ನುಡಿಸಲು ಬಾರದ ನನಗೂ ಅದು ತಿಳಿಯುತ್ತದೆ.

ಒಂದು ಮಾತಿದೆ ಎಂದು ಅವನು ಕರೆದ. ಆ ಮಾತು ನನಗೆ ಸಿಕ್ಕಿಲ್ಲ.