ಬಾಗಿಲು ಹಾಕದ ಸುಬೇದಾರರು

ಅವರ ಎಡಗಿವಿಯ ಮೇಲ್ತುದಿ ಇರಲಿಲ್ಲ. ಇಲಿ ಕಚ್ಚಿದ ರೊಟ್ಟಿಯ ಹಾಗೆ ಒಂದು ತುಂಡು ಹಾರಿಹೋಗಿತ್ತು. ಕಾರಿಡಾರಿನ ಮಕ್ಕಳು ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರೆ, "ಗಡಿ ಆಚೆ ಬಿಟ್ಟ ಬಂದೀನೋ, ವೀಸಾ ಸಿಕ್ಕಾಗ ಹೋಗಿ ತರತೀನಿ" ಅನ್ನೋರು. ಆ ಮಕ್ಕಳಿಗೆ ಕನ್ನಡ ಬರದು, ಆದರೂ ಬಿದ್ದು ಬಿದ್ದು ನಗೋವು.

ಬೆಳಗಾವಿ ಕಡೆಯ ಹಳ್ಳಿಯವರು. ಫೌಜಿನಲ್ಲಿ ಸುಬೇದಾರರಾಗಿದ್ದು ನಿವೃತ್ತಿಯಾದವರು. ಹೆಂಡತಿ ಹೋದ ಮೇಲೆ, ಇಲ್ಲಿ ಮಲೇಷ್ಯಾದ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಡಾಕ್ಟರ್ ಮಗಳು ಸುಬಾಂಗ್ ಜಯಾದ ತನ್ನ ಫ್ಲಾಟಿಗೆ ಕರೆತಂದಿದ್ದಳು. ನಮ್ಮ ಎದುರುಮನೆ. ನಾನು ಕಾಕಾ ಅನ್ನುತ್ತಿದ್ದೆ.

ನಾನೋ, ಮೈಸೂರಿನಲ್ಲಿ ಬ್ಯಾಂಕಿನ ಕೌಂಟರಿನಲ್ಲಿ ಕೂತು ಊರಿನವರನ್ನೆಲ್ಲ ಮಾತಾಡಿಸುತ್ತಿದ್ದವಳು. ಗಂಡನ ವೀಸಾದ ಬಾಲ ಹಿಡಿದು ಬಂದು, ಕೆಲಸ ಮಾಡುವ ಹಾಗಿಲ್ಲ ಅಂತ ಪಾಸ್‌ಪೋರ್ಟಿನಲ್ಲೇ ಬರೆಸಿಕೊಂಡು ಮನೆಯಲ್ಲಿ ಕೂತಿದ್ದೆ. ಗಂಡ ಕೆಲಸಕ್ಕೆ ಹೊರಟರೆ ಅವನ ಹಿಂದೆ ಬಾಗಿಲು ತಾನೇ ಲಾಕ್ ಆಗುತ್ತಿತ್ತು. ಆ ಟಕ್ ಅನ್ನೋ ಸದ್ದು ಕೇಳಿದರೆ ಸಾಕು, ಅಳು ಬರೋದು. ನಿಜ ಹೇಳ್ತೀನಿ, ವಾಷಿಂಗ್ ಮಷೀನಿನ ಜೊತೆ ಮಾತಾಡೋಕೆ ಶುರು ಮಾಡಿದ್ದೆ.

ಅವರ ಮನೆ ಬಾಗಿಲು ಮಾತ್ರ ಯಾವತ್ತೂ ಹಾಕಿದ್ದೇ ಇಲ್ಲ. ಹೊಸ್ತಿಲಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬನಿಯನ್ನಿನಲ್ಲಿ ಕೂರೋರು. ಇಲ್ಲಿ ಹಾಗೆಲ್ಲ ಬಾಗಿಲು ತೆಗೆದಿಡಬಾರದು ಅಂತ ಹೇಳಲು ನೇಪಾಳಿ ಕಾವಲುಗಾರ ಮೇಲೆ ಬಂದ. ಬಂದವನನ್ನು ಕೂರಿಸಿಕೊಂಡು ಹಿಂದಿಯಲ್ಲಿ ಅವನ ಊರು, ಹೊಲ, ಎಮ್ಮೆ ಎಲ್ಲ ವಿಚಾರಿಸಿ ಚಾ ಕುಡಿಸಿದರು. ಅವನು ಸೆಲ್ಯೂಟ್ ಹೊಡೆದು ಕೆಳಗಿಳಿದ. ಮೂಲೆಮನೆ ಚೀನೀ ಆಂಟಿ ಹಬ್ಬ ಬಂದರೆ ಮೊದಲು ಕಿತ್ತಳೆ ತಂದು ಕೊಡುತ್ತಿದ್ದುದು ಇವರಿಗೇ. ಮಾತಿಗೆ ಭಾಷೆ ಬೇಕು ಅಂತ ಯಾರೋ ಸುಳ್ಳು ಹೇಳಿದ್ದಾರೆ.

"ಕಾಕಾ, ಬಾಗಿಲು ಯಾಕೆ ಹಾಕಲ್ಲ?" ಅಂತ ಒಮ್ಮೆ ಕೇಳಿದೆ.

"ಲಡಾಯಿಯೊಳಗ ವೈರಿ ಕೈಯಾಗ ಸಿಕ್ಕಬಿದ್ದಿದ್ದೆ ಯವ್ವಾ. ಖೋಲಿಯೊಳಗ ಹಾಕಿ ಹೊರಗಿನಿಂದ ಚಿಲಕ ಹಾಕಿದ್ರು. ಊಟಕ್ಕೇನೂ ಕಡಿಮಿ ಮಾಡಲಿಲ್ಲ, ಸುಳ್ಳ ಯಾಕ ಹೇಳಲಿ. ಖರೇ ಕಟ್ಟಿಹಾಕಿ ಕೊಟ್ರ ಹೋಳಿಗಿನೂ ಕಹಿ." ಆಮೇಲೆ ನನ್ನ ಬಾಗಿಲಿನ ಕಡೆ ಗದ್ದ ಎತ್ತಿ, "ನನ್ನ ಚಿಲಕ ಹೊರಗಿತ್ತು. ನಿಂದು ಒಳಗೈತಿ. ಯಾಕ ತಗೀವಲ್ಲಿ?" ಅಂದರು.

ಮೈ ಉರಿಯಿತು. ಮರುದಿನ ಅವರೇ ಬಂದು ರೈಲು ಹತ್ತಿಸಿದರು. ಬ್ರಿಕ್‌ಫೀಲ್ಡ್ಸಿನ ಇಂಡಿಯನ್ ಅಂಗಡಿಗಳಲ್ಲಿ ಜೋಳದ ಹಿಟ್ಟು ಹುಡುಕಿ ಹುಡುಕಿ ಬೇಸತ್ತೆವು. ಕೊನೆಗೆ ತಮಿಳು ಮುಸ್ಲಿಮರ ಒಂದು ಮಾಮಾಕ್ ಹೋಟೆಲಿನಲ್ಲಿ ಚಾ ಕುಡಿದು, ದಾರಿ ತಪ್ಪಿ, ನಗುತ್ತಾ ಮನೆಗೆ ಬಂದೆವು. ಆಮೇಲೆ ನಾನು ಒಬ್ಬಳೇ ಓಡಾಡತೊಡಗಿದೆ.

ಹೋದ ವರ್ಷ ಅವರಿಗೆ ಲಕ್ವ ಹೊಡೆಯಿತು. ಬಲಭಾಗ ಪೂರ್ತಿ ಹೋಯಿತು, ಮಾತು ಹೋಯಿತು, ನುಂಗುವುದೂ ಹೋಯಿತು. ಮೂಗಿನಲ್ಲಿ ನಳಿಗೆ ಇಳಿಸಿ ಆಹಾರ ಕೊಡುತ್ತಿದ್ದರು. ಅದನ್ನು ಕಿತ್ತುಹಾಕುತ್ತಾರೆ ಅಂತ, ಇನ್ನೂ ಆಡುತ್ತಿದ್ದ ಎಡಗೈಯನ್ನು ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಿದ್ದರು. ಮಗಳೇ ಕಟ್ಟಲು ಹೇಳಿದ್ದು. ನೋಡಲಾರದೆ ನಾನು ಎಷ್ಟೋ ದಿನ ಆಸ್ಪತ್ರೆ ಕಡೆ ಹೋಗಲಿಲ್ಲ.

ಕೊನೆಗೆ ನಾನು ಹೋದ ದಿನ ಮಲಯ್ ನರ್ಸ್ ಹುಡುಗಿ ಖುಷಿಯಿಂದ ಹೇಳಿದಳು: "ಅಂಕಲ್ ನಮ್ಮ ಭಾಷೆ ಮಾತಾಡ್ತಾರೆ! ಇಡೀ ದಿನ ಸಾಯ, ಸಾಯ ಅಂತಾರೆ." ಮಲಯ್ ಭಾಷೆಯಲ್ಲಿ ಸಾಯ ಅಂದರೆ ನಾನು. ಅವಳು ಪಾಪ, "ಹೌದು ಅಂಕಲ್, ನೀವೇ, ನೀವೇ" ಅಂತ ಅವರ ಎದೆ ಸವರುತ್ತಿದ್ದಳು.

ಕಾಕಾ ನನ್ನನ್ನೇ ನೋಡಿದರು. "ಸಾಯ... ಸಾಯಾ..."

ಅವರು ಅನ್ನಲು ಹೊರಟಿದ್ದು, ಸಾಯಾಕ ಬಿಡ್ರಿ. ಅದರ ಮೊದಲ ತುಂಡಷ್ಟೇ ಬಾಯಿಗೆ ಬರುತ್ತಿತ್ತು. ಅಯ್ಯೋ ದೇವರೇ ಅನ್ನಿಸಿ, ಪಕ್ಕದಲ್ಲೇ ಕೂತಿದ್ದ ಮಗಳ ಕಡೆ ತಿರುಗಿದೆ. ಅವಳು ನರ್ಸಿಗೆ, "ಹೌದು, ಕಾರಿಡಾರಿನ ಮಕ್ಕಳ ಹತ್ತಿರ ಕಲಿತಿದ್ದಾರೆ" ಅಂತ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು.

ನರ್ಸ್ ಅತ್ತ ಹೋದ ಮೇಲೆ ನಾನಂದೆ, "ಅಕ್ಕಾ, ಅದು ಮಲಯ್ ಅಲ್ಲ."

"ಗೊತ್ತೈತಿ!" ಅವಳು ಚೀರಿಬಿಟ್ಟಳು. "ನಂಗೂ ಕನ್ನಡ ಬರ್ತದ. ದಿನಾ ಕೇಳಾಕತ್ತೀನಿ. ಏನ್ ಮಾಡ್ಲಿ? ಉಪಾಸ ಕೆಡವಿ ಕೊಲ್ಲಲೇನ? ಅವರ ಮಗಳು ನಾ, ಮ್ಯಾಲ ಡಾಕ್ಟರ್ ಬ್ಯಾರೆ."

"ಕೈಯಾದರೂ ಬಿಚ್ಚಿ ಅಕ್ಕಾ. ಒಂದು ಕೈಯಾದರೂ ಅವರದಾಗಿರಲಿ."

ಅವಳು ತಾನೇ ಎದ್ದು ಗಂಟು ಬಿಚ್ಚಿದಳು. ಕಾಕಾ ನಳಿಗೆಗೆ ಕೈ ಹಾಕಲಿಲ್ಲ. ಕೈ ಮೆಲ್ಲಗೆ ಎತ್ತಿ ಮಗಳ ತಲೆ ಹುಡುಕಿ, ಅದರ ಮೇಲಿಟ್ಟರು. ಎಷ್ಟೋ ಹೊತ್ತು ಇಟ್ಟುಕೊಂಡಿದ್ದರು. ಆಮೇಲೆ ಆ ಕೈ ಮೂಗಿನ ಕಡೆ ಹೋಯಿತು. ನರ್ಸ್ ಓಡಿಬಂದಳು. "ಬಿಡು," ಅಂದಳು ಮಗಳು, ಕನ್ನಡದಲ್ಲೇ. ಹುಡುಗಿ ಹಾಗೇ ನಿಂತಳು.

ನಳಿಗೆ ಮತ್ತೆ ಹಾಕಿಸಲಿಲ್ಲ. ಮನೆಗೆ ಕರೆತಂದರು. ಮಗಳು ಹತ್ತಿಯಲ್ಲಿ ಚಾ ಅದ್ದಿ ತುಟಿಗೆ ಮುಟ್ಟಿಸುತ್ತಿದ್ದಳು. ಸಾಯ ಅನ್ನುವುದು ನಿಂತುಹೋಗಿತ್ತು. ಕೆಲವೇ ದಿನ ಇದ್ದರು. ಅವರು ತೀರಿಕೊಂಡ ದಿನ ಚೀನೀ ಆಂಟಿ, ಕಾವಲುಗಾರ, ಮಕ್ಕಳು ಎಲ್ಲ ಕಾರಿಡಾರಿನಲ್ಲಿ ನಿಂತು ಅತ್ತರು.

ಎಲ್ಲ ಮುಗಿದ ಮೇಲೆ ಅವಳು ನನ್ನ ಕೈ ಹಿಡಿದು ಕೇಳಿದಳು: "ನಾ ಅಪ್ಪನ್ನ ಕೊಂದ್ನೇನ?"

"ಇಲ್ಲ ಅಕ್ಕಾ" ಅಂದೆ. ನನ್ನನ್ನು ನಾಲ್ಕು ಗೋಡೆಯಿಂದ ಹೊರಗೆ ಎಳೆದು ತಂದ ಮನುಷ್ಯನಿಗೆ ನಾನು ಮಾಡಿದ್ದು ಆ ಕೈ ಬಿಚ್ಚಿಸಿದ್ದು, ಇಷ್ಟೇ. ಆ "ಇಲ್ಲ"ವನ್ನು ಅವಳಿಗೆ ಹೇಳಿದ್ದು ಒಂದು ಸಲ. ನನಗೆ ನಾನು ಇವತ್ತಿಗೂ ದಿನಾ ಹೇಳಿಕೊಳ್ಳುತ್ತಿದ್ದೇನೆ.